ಗಿರಿಪಥದ ಅಜ್ಜಿ

ಪರ್ವತಗಳನ್ನು ಏರಿದವರ ಕಥೆಗಳನ್ನು ಓದುವವರ ದೃಷ್ಟಿ ಸಾಮಾನ್ಯವಾಗಿ ಶಿಖರದ ಮೇಲೆಯೇ ನೆಟ್ಟಿರುತ್ತದೆ. ಎಷ್ಟು ಎತ್ತರ ಏರಿದರು, ಎಷ್ಟು ದಿನಗಳಲ್ಲಿ ಏರಿದರು, ಮೊದಲು ಏರಿದವರು ಯಾರು ಎಂಬ ಪ್ರಶ್ನೆಗಳೇ ಅಲ್ಲಿ ಮುಖ್ಯವಾಗುತ್ತವೆ. ಆದರೆ ಸುಮಾರು ಒಂದು ವರ್ಷದ ಅಂತರದಲ್ಲಿ ಒಂದೇ ಶಿಖರದ ಮೇಲೆ ಎರಡು ಬಾರಿ ನಿಂತ ವೃದ್ಧೆಯೊಬ್ಬಳ ಕಥೆ ಬೇರೆಯೇ ಆದ ಪ್ರಶ್ನೆಯನ್ನು ಎತ್ತುತ್ತದೆ. ಮೊದಲ ಬಾರಿ ಆಕೆ ಆ ಶಿಖರದಿಂದ ಇಳಿದು ಹೊರಟು, ಕೆಲವೇ ದಿನಗಳಲ್ಲಿ ಸೋತು ಮನೆಗೆ ಮರಳಿದಳು. ಎರಡನೆಯ ಬಾರಿ ಅದನ್ನು ತಲುಪಿದಾಗ ಆಕೆಯ ಹೆಸರು ಅಮೆರಿಕದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಶಿಖರ ಒಂದಂಗುಲವೂ ತಗ್ಗಿರಲಿಲ್ಲ. ಆಕೆಯ ವಯಸ್ಸು ಮಾತ್ರ ಒಂದು ವರ್ಷ ಹೆಚ್ಚಾಗಿತ್ತು. ಹಾಗಾದರೆ ಆ ಎರಡು ದಿನಗಳ ನಡುವೆ ಬದಲಾದುದು ಏನು?

ಆಕೆಯ ಹೆಸರು ಎಮ್ಮಾ ಗೇಟ್‌ವುಡ್. 11 ಮಕ್ಕಳ ತಾಯಿ, 23 ಮೊಮ್ಮಕ್ಕಳ ಅಜ್ಜಿ. ಪತ್ರಿಕೆಗಳು ಆಕೆಯನ್ನು ಪ್ರೀತಿಯಿಂದ 'ಗೇಟ್‌ವುಡ್ ಅಜ್ಜಿ' ಎಂದೇ ಕರೆದವು.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ, ಅಟ್ಲಾಂಟಿಕ್ ಸಾಗರದ ಕರಾವಳಿಗೆ ಬಹುಮಟ್ಟಿಗೆ ಸಮಾಂತರವಾಗಿ, ಅಪಲಾಚಿಯನ್ ಪರ್ವತಶ್ರೇಣಿ ಹಬ್ಬಿಕೊಂಡಿದೆ. ಭೂಮಿಯ ಬಹು ಪ್ರಾಚೀನ ಪರ್ವತಗಳಲ್ಲಿ ಇವೂ ಸೇರಿವೆ. ಕೋಟ್ಯಂತರ ವರ್ಷಗಳ ಗಾಳಿ ಮಳೆಗಳಿಗೆ ಸವೆದು, ಮೈತುಂಬ ಕಾಡು ಹೊದ್ದುಕೊಂಡು ನಿಂತಿರುವ ಇವು ಎತ್ತರದಲ್ಲಿ ಹಿಮಾಲಯಕ್ಕೆ ಸಾಟಿಯಲ್ಲ. ಈ ಶ್ರೇಣಿಯ ಮೇಲೆ ಹಾದುಹೋಗುವ ಕಾಲುಹಾದಿಯ ಅತ್ಯುನ್ನತ ಸ್ಥಾನವಾದ ಕುವೋಹಿ ಶಿಖರದ ಎತ್ತರ ಸುಮಾರು 2,025 ಮೀಟರ್; ಎಂದರೆ ಕರ್ನಾಟಕದ ಮುಳ್ಳಯ್ಯನಗಿರಿಗಿಂತ ತುಸುವೇ ಹೆಚ್ಚು. ಈ ಹಾದಿಯ ಕಾಠಿಣ್ಯವಿರುವುದು ಎತ್ತರದಲ್ಲಿ ಅಲ್ಲ, ಉದ್ದದಲ್ಲಿ. ಒಂದು ಬೆಟ್ಟವನ್ನು ಏರಿ ಇಳಿದೊಡನೆ ಮತ್ತೊಂದು ಎದುರಾಗುತ್ತದೆ. ಅದನ್ನು ಇಳಿದರೆ ಇನ್ನೊಂದು. ಒಂದು ದಿನದ ಸಾಹಸದಿಂದ ಇದನ್ನು ಗೆಲ್ಲುವಂತಿಲ್ಲ. ತಿಂಗಳುಗಟ್ಟಲೆ ಪ್ರತಿದಿನವೂ ಬೆಳಗ್ಗೆ ಎದ್ದು ಮತ್ತೆ ಹೊರಡಬೇಕು.

ಇಂತಹ ಹಾದಿಯೊಂದನ್ನು ನಿರ್ಮಿಸುವ ಯೋಜನೆಯನ್ನು 1921ರಲ್ಲಿ ಮುಂದಿಟ್ಟವನು ಬೆಂಟನ್ ಮೆಕ್ಕೈ ಎಂಬ ಅರಣ್ಯತಜ್ಞ. ಪಟ್ಟಣಗಳ ಗದ್ದಲದಲ್ಲಿ ದುಡಿದು ದಣಿದ ಜನ ಕಾಲ್ನಡಿಗೆಯಿಂದ ಪ್ರಕೃತಿಯ ಮಡಿಲಿಗೆ ಬಂದು ಚೇತರಿಸಿಕೊಳ್ಳಬೇಕೆಂಬುದು ಆತನ ಆಶಯವಾಗಿತ್ತು. ಬಹುಮಟ್ಟಿಗೆ ಸ್ವಯಂಸೇವಕರ ಶ್ರಮದಿಂದಲೇ ಕಾಡನ್ನು ಕಡಿದು, ಮರಗಳ ಮೇಲೆ ಬಣ್ಣದ ಗುರುತುಗಳನ್ನು ಬಳಿದು, ಅಲ್ಲಲ್ಲಿ ತಂಗುದಾಣಗಳನ್ನು ಕಟ್ಟಿ, 1937ರಲ್ಲಿ ಹಾದಿಯನ್ನು ಪೂರ್ಣಗೊಳಿಸಲಾಯಿತು. ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಉತ್ತರದ ತುದಿಯಲ್ಲಿರುವ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳನ್ನು ಅದು ಹಾದುಹೋಗುತ್ತದೆ. 1955ರಲ್ಲಿ ಅದರ ಉದ್ದ ಸುಮಾರು 3,300 ಕಿಲೋಮೀಟರ್. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಅರ್ಲ್ ಶೇಫರ್ ಎಂಬ ಸೈನಿಕ 1948ರಲ್ಲಿ ಒಂದೇ ಋತುವಿನಲ್ಲಿ ಇದರ ಉದ್ದಕ್ಕೂ ನಡೆದು, ಅದು ಮನುಷ್ಯನಿಗೆ ಸಾಧ್ಯವೆಂಬುದನ್ನು ತೋರಿಸಿಕೊಟ್ಟ. ಆದರೆ ಯಾವ ಮಹಿಳೆಯೂ ಒಬ್ಬಂಟಿಯಾಗಿ ಒಂದೇ ಋತುವಿನಲ್ಲಿ ಈ ದೂರವನ್ನು ನಡೆದಿರಲಿಲ್ಲ.

ಎಮ್ಮಾ ಹುಟ್ಟಿದ್ದು 1887ರ ಅಕ್ಟೋಬರ್ 25ರಂದು, ಓಹಾಯೊ ರಾಜ್ಯದ ಒಂದು ಬಡ ರೈತ ಕುಟುಂಬದಲ್ಲಿ. 15 ಮಕ್ಕಳಲ್ಲಿ ಆಕೆಯೂ ಒಬ್ಬಳು. ಎಂಟನೆಯ ತರಗತಿಗೇ ಶಾಲೆಯ ಓದು ಮುಗಿಯಿತಾದರೂ ಪುಸ್ತಕದ ಹಂಬಲ ಬಾಳಿನುದ್ದಕ್ಕೂ ಉಳಿಯಿತು. 19ನೆಯ ವಯಸ್ಸಿನಲ್ಲಿ ಮದುವೆಯಾಯಿತು. ಅಲ್ಲಿಂದ ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕ ಕಾಲ ಆಕೆ ಅನುಭವಿಸಿದ ಕಷ್ಟ ವರ್ಣಿಸಲಾಗದು. ಹೊಲದ ದುಡಿಮೆ, ಮನೆಯ ಕೆಲಸ, ಮಕ್ಕಳ ಪಾಲನೆ ಇವೆಲ್ಲವೂ ಆಕೆಗೆ ಭಾರವೆನಿಸಲಿಲ್ಲ. ಭಾರವಾದುದು ಗಂಡನ ಕ್ರೌರ್ಯ. ಆತನ ಹೊಡೆತಗಳಿಂದ ಆಕೆ ಎಷ್ಟೋ ಬಾರಿ ತೀವ್ರವಾಗಿ ಗಾಯಗೊಂಡಳು. ಮನೆಯೊಳಗೆ ನೆಮ್ಮದಿಯಿಲ್ಲದಾದಾಗ ಹತ್ತಿರದ ಕಾಡಿಗೆ ಹೋಗಿ ಮರಗಳ ನಡುವೆ ಒಬ್ಬಳೇ ತಿರುಗಾಡಿ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುತ್ತಿದ್ದಳು. ಪರರಿಗೆ ಭಯ ಹುಟ್ಟಿಸುವ ಕಾಡು ಆಕೆಗೆ ಅಭಯವನ್ನು ನೀಡುವ ತಾಣವಾಗಿತ್ತು. ಹೆಂಗಸು ಗಂಡನನ್ನು ತೊರೆಯುವುದು ಅಪವಾದಕ್ಕೆ ಕಾರಣವಾಗುತ್ತಿದ್ದ ಆ ಕಾಲದಲ್ಲಿಯೂ ಕೊನೆಗೆ ಆಕೆ ಧೈರ್ಯ ತಂದುಕೊಂಡು ನ್ಯಾಯಾಲಯದಿಂದ ವಿಚ್ಛೇದನ ಪಡೆದಳು. ಇನ್ನೂ ಚಿಕ್ಕವರಾಗಿದ್ದ ಮಕ್ಕಳನ್ನು ತಾನೇ ದುಡಿದು ಸಾಕಿದಳು.

ಮಕ್ಕಳೆಲ್ಲ ಬೆಳೆದು ತಮ್ಮ ತಮ್ಮ ಸಂಸಾರಗಳಲ್ಲಿ ನೆಲೆಯೂರಿದರು. ಲೋಕದ ಎಣಿಕೆಯಂತೆ ಎಮ್ಮಾಳ ಬಾಳಿನ ಕೆಲಸ ಮುಗಿದಿತ್ತು. ಇನ್ನು ಮೊಮ್ಮಕ್ಕಳನ್ನು ಆಡಿಸುತ್ತ ಉಳಿದ ದಿನಗಳನ್ನು ಕಳೆಯುವುದೊಂದೇ ಬಾಕಿ. ಆದರೆ ಒಂದು ದಿನ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ 1949ರ ಒಂದು ಹಳೆಯ ಸಂಚಿಕೆ ಆಕೆಯ ಕೈಗೆ ಬಂತು. ಅದರಲ್ಲಿ ಅಪಲಾಚಿಯನ್ ಹಾದಿಯನ್ನು ಕುರಿತ ಸಚಿತ್ರ ಲೇಖನವಿತ್ತು. ಅದನ್ನು ಓದಿದಾಗ ಹಾದಿ ಅಗಲವಾಗಿ, ಅಚ್ಚುಕಟ್ಟಾಗಿ, ಯಾರು ಬೇಕಾದರೂ ನಡೆಯಬಹುದಾದಷ್ಟು ಸುಗಮವಾಗಿದೆಯೆಂದೇ ಆಕೆಗೆ ತೋರಿತು. ಅಂದಿನಿಂದ ಆ ಹಾದಿ ಆಕೆಯ ಮನಸ್ಸನ್ನು ಬಿಡಲಿಲ್ಲ.

1954ರ ಜುಲೈ ತಿಂಗಳಲ್ಲಿ ಆಕೆ ಯಾರಿಗೂ ಹೇಳದೆ ಮೇನ್ ರಾಜ್ಯಕ್ಕೆ ಹೋಗಿ, ಸುಮಾರು 1,600 ಮೀಟರ್ ಎತ್ತರದ ಕಟಾಡಿನ್ ಶಿಖರವನ್ನು ಏರಿದಳು. ಅಲ್ಲಿಂದ ದಕ್ಷಿಣಾಭಿಮುಖವಾಗಿ ಜಾರ್ಜಿಯಾದವರೆಗೆ ನಡೆಯುವುದು ಆಕೆಯ ಸಂಕಲ್ಪ. ಆದರೆ ಮೇನ್ ರಾಜ್ಯದ ಆ ಭಾಗವೆಂದರೆ ಇಡೀ ಹಾದಿಯಲ್ಲಿಯೇ ಅತ್ಯಂತ ನಿರ್ಜನವಾದ ಅರಣ್ಯ. ಕೆಲವೇ ದಿನಗಳಲ್ಲಿ ಆಕೆ ದಾರಿ ತಪ್ಪಿದಳು. ಕನ್ನಡಕ ಒಡೆಯಿತು. ಆಹಾರ ತೀರಿತು. ಕೊನೆಗೆ ಅರಣ್ಯ ರಕ್ಷಕರ ಆಸರೆ ದೊರೆತು ಆಕೆಯ ಪ್ರಾಣ ಉಳಿಯಿತು. ಮನೆಗೆ ಹೋಗುವುದೇ ಲೇಸೆಂದು ಅವರು ಬುದ್ಧಿ ಹೇಳಿದರು. ಎಮ್ಮಾ ಅವರ ಮಾತಿನಂತೆ ಮನೆಗೆ ಹಿಂದಿರುಗಿದಳು. ತನ್ನ ಸೋಲಿನ ಸುದ್ದಿಯನ್ನು ಮಕ್ಕಳಿಗೂ ತಿಳಿಸಲಿಲ್ಲ.

66 ವರ್ಷದ ಹೆಂಗಸು ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಆಕೆಯನ್ನು ಆಕ್ಷೇಪಿಸುತ್ತಿರಲಿಲ್ಲ. ವಿವೇಕಿಯೆಂದೇ ಹೊಗಳುತ್ತಿದ್ದರು. ಸೋತವರ ಮುಂದೆ ಯಾವಾಗಲೂ ಎರಡು ದಾರಿಗಳಿರುತ್ತವೆ. ಸೋಲನ್ನು ಕೊನೆಯ ತೀರ್ಪೆಂದು ಒಪ್ಪಿಕೊಳ್ಳುವುದು ಒಂದು. ಅದನ್ನು ಪಾಠವೆಂದು ಸ್ವೀಕರಿಸುವುದು ಇನ್ನೊಂದು. ಎಮ್ಮಾ ಎರಡನೆಯದನ್ನು ಆರಿಸಿಕೊಂಡಳು. ಮರುವರ್ಷ ಆಕೆ ಹಾದಿಯನ್ನು ದಕ್ಷಿಣದ ತುದಿಯಿಂದ ಆರಂಭಿಸಿದಳು. ದಕ್ಷಿಣದಲ್ಲಿ ವಸಂತ ಬೇಗ ಬರುತ್ತದೆ. ಉತ್ತರದ ಶಿಖರಗಳಲ್ಲಿ ಹಿಮ ಕರಗುವುದು ತಡವಾಗಿ. ಆದುದರಿಂದ ದಕ್ಷಿಣದಿಂದ ಹೊರಟವರು ಋತುಮಾನದ ಜೊತೆಜೊತೆಗೇ ಮುಂದೆ ಸಾಗುವುದು ಸಾಧ್ಯ. ಅಷ್ಟೇ ಅಲ್ಲದೆ, ಮೊದಲ ಬಾರಿ ಆಕೆಯನ್ನು ಸೋಲಿಸಿದ ಮೇನ್ ರಾಜ್ಯದ ಕಾಡು ಈಗ ಹಾದಿಯ ಕೊನೆಯಲ್ಲಿ ಎದುರಾಗುತ್ತಿತ್ತು. ಆ ಹೊತ್ತಿಗೆ 13 ರಾಜ್ಯಗಳ ಬೆಟ್ಟಗಳು ಆಕೆಯ ಕಾಲುಗಳನ್ನು ಪಳಗಿಸಿರುತ್ತಿದ್ದವು.

1955ರ ಮೇ 3ರಂದು ಎಮ್ಮಾ ಜಾರ್ಜಿಯಾ ರಾಜ್ಯದ ಓಗಲ್‌ಥಾರ್ಪ್ ಬೆಟ್ಟದಿಂದ ಹೊರಟಳು. ಆಗ ಹಾದಿಯ ದಕ್ಷಿಣದ ತುದಿ ಅದೇ ಆಗಿತ್ತು. ಸ್ವಲ್ಪ ನಡೆದಾಡಿ ಬರುತ್ತೇನೆ ಎಂದಷ್ಟೇ ಆಕೆ ಮಕ್ಕಳಿಗೆ ತಿಳಿಸಿದ್ದಳು. ಎಲ್ಲಿಗೆ, ಎಷ್ಟು ದೂರ ಎಂಬುದನ್ನು ಹೇಳಿರಲಿಲ್ಲ.

ಆಕೆಯ ಸಾಮಗ್ರಿಗಳನ್ನು ಕಂಡರೆ ಅನುಭವಿಗಳಾದ ಪರ್ವತಾರೋಹಿಗಳು ನಕ್ಕುಬಿಡುತ್ತಿದ್ದರು. ಬೆನ್ನಿಗೆ ಕಟ್ಟುವ ಚೀಲವಿರಲಿಲ್ಲ. ಒರಟು ಬಟ್ಟೆಯಿಂದ ತಾನೇ ಹೊಲಿದುಕೊಂಡ ಒಂದು ಚೀಲವನ್ನು ಹೆಗಲಿಗೆ ಏರಿಸಿಕೊಂಡಿದ್ದಳು. ಗುಡಾರವಿಲ್ಲ, ಮಳೆಯಿಂದ ರಕ್ಷಿಸಿಕೊಳ್ಳಲು ಸ್ನಾನದ ಮನೆಗೆ ತೂಗುಬಿಡುವ ಪ್ಲಾಸ್ಟಿಕ್ ಪರದೆ. ಹೊದೆಯಲು ಒಂದು ಸೈನಿಕರ ಕಂಬಳಿ. ಕಾಲಿಗೆ ಗಟ್ಟಿಯಾದ ಚರ್ಮದ ಬೂಟುಗಳ ಬದಲು ಸಾಮಾನ್ಯವಾದ ಕ್ಯಾನ್‌ವಾಸ್ ಷೂ. ಒಣದ್ರಾಕ್ಷಿ, ಬೀಜಗಳು, ಡಬ್ಬಿಯಲ್ಲಿಟ್ಟ ಮಾಂಸ ಮುಂತಾದ ಹಗುರ ಆಹಾರ. ಎಲ್ಲವೂ ಸೇರಿ ಚೀಲದ ಭಾರ ಹತ್ತು ಕಿಲೋಗ್ರಾಮಿಗಿಂತ ಕಡಿಮೆ. ಬಡತನದಲ್ಲಿ ಬೆಳೆದ ಆಕೆಗೆ ಯಾವುದು ಅಗತ್ಯ, ಯಾವುದು ಅಲ್ಲ ಎಂಬ ವಿವೇಚನೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಡಿನಲ್ಲಿ ಸಿಗುವ ಹಣ್ಣುಗಳು, ತಿನ್ನಲು ಯೋಗ್ಯವಾದ ಸೊಪ್ಪುಗಳು ಆಕೆಗೆ ಬಾಲ್ಯದಿಂದಲೂ ಪರಿಚಿತವಾಗಿದ್ದವು. ಚಳಿಯ ರಾತ್ರಿಗಳಲ್ಲಿ ಚಪ್ಪಟೆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ, ಅವುಗಳ ಬಿಸಿಯಲ್ಲಿ ಮಲಗುತ್ತಿದ್ದಳು.

ಪತ್ರಿಕೆಯಲ್ಲಿ ಓದಿದ ಹಾದಿಗೂ ಕಾಲಡಿಯ ಹಾದಿಗೂ ಅಜಗಜಾಂತರವಿತ್ತು. ಎಷ್ಟೋ ಕಡೆ ಪೊದೆಗಳು ಬೆಳೆದು ದಾರಿಯೇ ಮುಚ್ಚಿಹೋಗಿತ್ತು. ಗುರುತುಗಳು ಅಳಿಸಿಹೋಗಿದ್ದವು. ಕೆಲವು ತಂಗುದಾಣಗಳು ಸುಟ್ಟುಹೋಗಿದ್ದರೆ ಇನ್ನು ಕೆಲವು ಕುಸಿದುಬಿದ್ದಿದ್ದವು. ಬಂಡೆಗಳ ಸಂದಿಯಲ್ಲಿ ವಿಷಸರ್ಪಗಳ ಭಯ, ತಗ್ಗುಗಳಲ್ಲಿ ಸೊಳ್ಳೆ ನೊಣಗಳ ಕಾಟ. ದಿನಕ್ಕೆ ಸರಾಸರಿ 22 ಕಿಲೋಮೀಟರಿನಷ್ಟು ದೂರವನ್ನು ಕ್ರಮಿಸಿದ ಆಕೆಯ ಪಾದಗಳು ಊದಿಕೊಂಡು, ಮೊದಲಿಗಿಂತ ದೊಡ್ಡ ಅಳತೆಯ ಷೂಗಳನ್ನು ಧರಿಸಬೇಕಾಯಿತು. ಒಂದು ಜೊತೆ ಸವೆದು ಹರಿದಾಗ ಮತ್ತೊಂದು. ಹೀಗೆ ಹಲವು ಜೊತೆಗಳು ಹಾದಿಗೆ ಬಲಿಯಾದವು.

ಹಾದಿಯಲ್ಲಿ ಭೇಟಿಯಾದ ಜನರೂ ಬಗೆಬಗೆಯವರು. ಕೆದರಿದ ತಲೆ, ಕೊಳೆಯಾದ ಬಟ್ಟೆ, ಹೆಗಲ ಮೇಲೆ ಗಂಟು ಹೊತ್ತು ಬಂದ ವೃದ್ಧೆಯನ್ನು ಅಲೆಮಾರಿಯೆಂದು ಶಂಕಿಸಿ ಬಾಗಿಲು ಮುಚ್ಚಿದವರೂ ಇದ್ದರು. ಅನೇಕರು ಕರೆದು ಊಟವಿಕ್ಕಿ ಮಲಗಲು ಹಾಸಿಗೆ ಕೊಟ್ಟರು. ಒಮ್ಮೆ ಹುಲ್ಲಿನ ಮೇಲೆ, ಒಮ್ಮೆ ಯಾರದೋ ಮನೆಯ ಜಗಲಿಯ ಮೇಲೆ, ಒಮ್ಮೆ ಮೆತ್ತನೆಯ ಹಾಸಿಗೆಯ ಮೇಲೆ ಎಂಬಂತೆ ಆಕೆಯ ರಾತ್ರಿಗಳು ಕಳೆದವು. ವರ್ಜೀನಿಯಾ ರಾಜ್ಯವನ್ನು ತಲುಪುವ ಹೊತ್ತಿಗೆ ಸುದ್ದಿ ಪತ್ರಿಕೆಯವರಿಗೆ ಮುಟ್ಟಿತು. ಮುಂದಿನ ಊರುಗಳಲ್ಲಿ ವರದಿಗಾರರು ಆಕೆಗಾಗಿ ಕಾದಿರತೊಡಗಿದರು. ತಾಯಿಯ ನಡೆದಾಟ ಎಂತಹುದೆಂಬುದು ಮಕ್ಕಳಿಗೆ ಆಗಲೇ ಮನದಟ್ಟಾದದ್ದು.

ಆಗಸ್ಟ್ ತಿಂಗಳಿನಲ್ಲಿ ಕಠಿಣವಾದ ಪರೀಕ್ಷೆಯೊಂದು ಎದುರಾಯಿತು. ಕಾನಿ ಮತ್ತು ಡಯೇನ್ ಎಂಬ ಎರಡು ಚಂಡಮಾರುತಗಳು ಒಂದರ ಹಿಂದೊಂದು ಅಮೆರಿಕದ ಪೂರ್ವ ಕರಾವಳಿಯನ್ನು ಅಪ್ಪಳಿಸಿದವು. ಈಶಾನ್ಯದ ರಾಜ್ಯಗಳಲ್ಲಿ ನದಿಗಳು ಉಕ್ಕಿ ಹರಿದು ಅಪಾರ ಪ್ರಾಣಹಾನಿಯಾಯಿತು. ಎಮ್ಮಾ ಆ ಪ್ರದೇಶದ ಬೆಟ್ಟಗಳಲ್ಲಿಯೇ ಇದ್ದಳು. ಹಾದಿ ಹಳ್ಳವಾಗಿ ಹರಿಯಿತು. ಸಣ್ಣ ತೊರೆಗಳೂ ದಾಟಲಾಗದ ಪ್ರವಾಹಗಳಾದವು. ವರ್ಮಾಂಟ್ ರಾಜ್ಯದ ಒಂದು ಕಮರಿಯಲ್ಲಿ ಸೇತುವೆ ಕೊಚ್ಚಿಹೋಗಿ, ಮುಂದೆ ಹೋಗಲಾರದೆ ಆಕೆ ದಡದಲ್ಲಿ ಕಾಯಬೇಕಾಯಿತು. ಆಗ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ್ದ ಇಬ್ಬರು ತರುಣರು ಅದೇ ಹಾದಿಯಲ್ಲಿ ಬಂದರು. ಅವರು ಆಕೆಯನ್ನು ತಮ್ಮ ನಡುವೆ ನಿಲ್ಲಿಸಿಕೊಂಡು, ಮೂವರೂ ಹಗ್ಗದಿಂದ ಬಿಗಿದುಕೊಂಡು, ಒಂದೊಂದೇ ಹೆಜ್ಜೆಯಿಡುತ್ತ ಆಚೆಯ ದಡಕ್ಕೆ ಕರೆದೊಯ್ದರು.

ಎಮ್ಮಾಳ ಬಾಳಿನಲ್ಲಿ ಈ ಪ್ರಸಂಗಕ್ಕೆ ವಿಶೇಷವಾದ ಅರ್ಥವಿದೆ. ತನ್ನ ಮನೆಯಲ್ಲಿಯೇ ಹಿಂಸೆಯನ್ನು ಅನುಭವಿಸಿದವರು ಇತರರನ್ನು ನಂಬುವುದು ಸುಲಭವಲ್ಲ. ತನ್ನ ಬಲವೊಂದನ್ನೇ ನಂಬಿ ಬದುಕಿದ ಆಕೆ ಅಂದು ಇಬ್ಬರು ಅಪರಿಚಿತರ ಕೈಗೆ ತನ್ನ ಪ್ರಾಣವನ್ನೇ ಒಪ್ಪಿಸಿದಳು. ಸ್ವಾವಲಂಬನೆಯೆಂದರೆ ಯಾರ ನೆರವನ್ನೂ ಪಡೆಯದಿರುವುದೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ತಾನು ಮಾಡಬಹುದಾದ ಕೆಲಸವನ್ನು ತಾನೇ ಮಾಡುವುದು ಸ್ವಾವಲಂಬನೆ. ತನ್ನ ಶಕ್ತಿಗೆ ಮೀರಿದ ಕಡೆ ಒಳ್ಳೆಯವರು ನೀಡಿದ ಕೈಯನ್ನು ಹಿಡಿಯುವುದು ವಿನಯ. ಉದ್ದವಾದ ಹಾದಿ ಇವೆರಡನ್ನೂ ಕಲಿಸುತ್ತದೆ.

ಸೆಪ್ಟೆಂಬರ್ ತಿಂಗಳಲ್ಲಿ ಎಮ್ಮಾ ಮತ್ತೆ ಮೇನ್ ರಾಜ್ಯದ ಕಾಡನ್ನು ಹೊಕ್ಕಳು. ಹಿಂದಿನ ವರ್ಷದಂತೆಯೇ ಈ ಬಾರಿಯೂ ಆಕೆಯ ಕನ್ನಡಕ ಒಡೆಯಿತು. ಕಾಲು ಉಳುಕಿ ಕುಂಟುತ್ತ ನಡೆಯಬೇಕಾಯಿತು. ದೇಹ ಸೊರಗಿತ್ತು, ಉತ್ತರದ ಚಳಿಗಾಳಿ ಆಗಲೇ ಬೀಸತೊಡಗಿತ್ತು. ವಿಪತ್ತುಗಳು ಅವೇ ಆಗಿದ್ದರೂ ಅವುಗಳನ್ನು ಎದುರಿಸಿದ ಮನಸ್ಸು ಅದೇ ಆಗಿರಲಿಲ್ಲ. 1954ರಲ್ಲಿ ಒಡೆದ ಕನ್ನಡಕ ಆಕೆಯನ್ನು ಮನೆಗೆ ಕಳುಹಿಸಿತ್ತು. 1955ರಲ್ಲಿ ಮಸುಕಾಗಿ ಕಾಣುತ್ತಿದ್ದ ಹಾದಿಯಲ್ಲಿಯೇ ಆಕೆ ಎಚ್ಚರಿಕೆಯಿಂದ ಹೆಜ್ಜೆಯಿಟ್ಟು ಮುಂದೆ ಸಾಗಿದಳು.

ಸೆಪ್ಟೆಂಬರ್ 25ರಂದು, ಹೊರಟ 146ನೆಯ ದಿನ, ಎಮ್ಮಾ ಗೇಟ್‌ವುಡ್ ಕಟಾಡಿನ್ ಶಿಖರವನ್ನು ಏರಿದಳು. ಅಲ್ಲಿ ಇರಿಸಿದ್ದ ಪುಸ್ತಕದಲ್ಲಿ ತನ್ನ ಹೆಸರನ್ನು ಬರೆದಳು. ತನ್ನ ನಾಡಿನ ಚೆಲುವನ್ನು ಕೊಂಡಾಡುವ ಹಾಡೊಂದರ ಮೊದಲ ನುಡಿಯನ್ನು ಆ ಬರಿಯ ಬಂಡೆಗಳ ನಡುವೆ ಒಬ್ಬಳೇ ನಿಂತು ಹಾಡಿದಳು. ಅನಂತರ ಕೆಳಗಿಳಿದಳು.

ಅಪಲಾಚಿಯನ್ ಹಾದಿಯನ್ನು ಒಬ್ಬಂಟಿಯಾಗಿ ಒಂದೇ ಋತುವಿನಲ್ಲಿ ಪೂರೈಸಿದ ಮೊದಲ ಮಹಿಳೆ ಎಂಬ ಕೀರ್ತಿ ಆಕೆಗೆ ಸಂದಿತು. ಪತ್ರಿಕೆಗಳೂ ದೂರದರ್ಶನವೂ ಆಕೆಯನ್ನು ಸನ್ಮಾನಿಸಿದವು. ಆಕೆಯಾದರೋ ನಿಷ್ಠುರವಾದ ಸತ್ಯವನ್ನೇ ನುಡಿದಳು. ಹಾದಿಯ ದುಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಇಷ್ಟು ಕಷ್ಟವೆಂದು ಮೊದಲೇ ತಿಳಿದಿದ್ದರೆ ತಾನು ಹೊರಡುತ್ತಲೇ ಇರಲಿಲ್ಲವೆಂದೂ, ಹೊರಟ ಮೇಲೆ ನಡುವೆ ಬಿಡಲು ಮನಸ್ಸು ಒಪ್ಪಲಿಲ್ಲವೆಂದೂ ಒಪ್ಪಿಕೊಂಡಳು. ಆಕೆಯ ಮಾತು ವ್ಯರ್ಥವಾಗಲಿಲ್ಲ. ಆಕೆಯಿಂದ ಹಾದಿಯ ಕಡೆಗೆ ಜನರ ಗಮನ ಹರಿಯಿತು. ಅದನ್ನು ಕಾಪಾಡಬೇಕೆಂಬ ಕಳಕಳಿಯೂ ಬೆಳೆಯಿತು. 1968ರಲ್ಲಿ ಅಮೆರಿಕ ಸರ್ಕಾರ ಶಾಸನದ ಮೂಲಕ ಅಪಲಾಚಿಯನ್ ಹಾದಿಗೆ ರಾಷ್ಟ್ರೀಯ ಹಾದಿಯ ಮನ್ನಣೆ ನೀಡಿತು.

ಹೊರಡುತ್ತಲೇ ಇರಲಿಲ್ಲ ಎಂದವಳು ಎರಡೇ ವರ್ಷಗಳಲ್ಲಿ ಮತ್ತೆ ಹೊರಟಳು! 1957ರಲ್ಲಿ ಎರಡನೆಯ ಬಾರಿ ಇಡೀ ಹಾದಿಯನ್ನು ನಡೆದು ಮುಗಿಸಿದಳು. ಮೂರನೆಯ ಬಾರಿ ಅದನ್ನು ಭಾಗಭಾಗವಾಗಿ ನಡೆದು 1964ರಲ್ಲಿ, ತನ್ನ 76ನೆಯ ವಯಸ್ಸಿನಲ್ಲಿ, ಪೂರ್ಣಗೊಳಿಸಿದಳು. ಈ ನಡುವೆ 1959ರಲ್ಲಿ, ಹಿಂದೆ ವಲಸೆಗಾರರು ಗಾಡಿಗಳಲ್ಲಿ ಪಶ್ಚಿಮಕ್ಕೆ ಸಾಗಿದ ಒರೆಗಾನ್ ಮಾರ್ಗದಲ್ಲಿ ಮಿಸ್ಸೂರಿ ರಾಜ್ಯದಿಂದ ಪೋರ್ಟ್‌ಲೆಂಡ್ ನಗರದವರೆಗೆ ಸುಮಾರು 3,200 ಕಿಲೋಮೀಟರ್ ನಡೆದಳು. ತನ್ನ ತವರು ರಾಜ್ಯವಾದ ಓಹಾಯೊದಲ್ಲಿಯೂ ಅಂತಹ ಕಾಲುಹಾದಿ ಇರಬೇಕೆಂದು ಶ್ರಮಿಸಿದವರಲ್ಲಿ ಆಕೆಯೂ ಒಬ್ಬಳು. ಅಲ್ಲಿನ ಹಾಕಿಂಗ್ ಬೆಟ್ಟಗಳಲ್ಲಿರುವ ಒಂದು ಹಾದಿ ಇಂದಿಗೂ ಆಕೆಯ ಹೆಸರನ್ನು ಹೊತ್ತಿದೆ. 1973ರ ಜೂನ್ 4ರಂದು, 85ನೆಯ ವಯಸ್ಸಿನಲ್ಲಿ, ಆಕೆ ಕಾಲವಾದಳು.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. 1954ರಲ್ಲಿಯೂ ಎಮ್ಮಾ ಕಟಾಡಿನ್ ಶಿಖರದ ಮೇಲೆ ನಿಂತಿದ್ದಳು. ಅದನ್ನು ಏರುವುದೇ ಸಾಧನೆಯಾಗಿದ್ದರೆ ಆಕೆಯ ಸಾಧನೆ ಅಂದೇ ಮುಗಿದಿರುತ್ತಿತ್ತು. 1955ರಲ್ಲಿ ಅದೇ ಬಂಡೆಯ ಮೇಲೆ ನಿಂತಾಗ ಆಕೆಯ ಹಿಂದೆ 3,300 ಕಿಲೋಮೀಟರುಗಳ ಹಾದಿಯಿತ್ತು. ಕುಂಟುವ ಕಾಲಿನಿಂದಲೂ ನಡೆಯಬಹುದು, ಮುಚ್ಚಿದ ಬಾಗಿಲಿನ ಪಕ್ಕದಲ್ಲಿಯೇ ತೆರೆದ ಬಾಗಿಲೂ ಇರಬಹುದು, ಉಕ್ಕಿದ ಹೊಳೆಯನ್ನು ಇತರರ ಕೈ ಹಿಡಿದು ದಾಟಬಹುದು ಎಂಬುದನ್ನು ಆ ಹಾದಿ ಆಕೆಗೆ ದಿನಕ್ಕೊಂದು ಪಾಠದಂತೆ ಕಲಿಸಿತ್ತು. ಮನುಷ್ಯನು ಬೆಳೆಯುವುದು ಶಿಖರದ ಮೇಲಲ್ಲ, ಅದಕ್ಕೆ ಒಯ್ಯುವ ದಾರಿಯಲ್ಲಿ. ಶಿಖರವು ಆ ಬೆಳವಣಿಗೆಗೆ ಸಾಕ್ಷಿ ಮಾತ್ರ.

ಬಾಲ್ಯ ಮತ್ತು ಯೌವನಗಳಷ್ಟೇ ಬೆಳೆಯುವ ಕಾಲವೆಂಬ ಭಾವನೆಯನ್ನೂ ಎಮ್ಮಾಳ ಬಾಳು ಪ್ರಶ್ನಿಸುತ್ತದೆ. ಮೂವತ್ತು ವರ್ಷಗಳ ಹಿಂಸೆ ಆಕೆಯ ಬಾಳಿನ ಕೊನೆಯ ಮಾತಾಗಬಹುದಿತ್ತು, ಆಗಲಿಲ್ಲ. ಮೇನ್ ರಾಜ್ಯದ ಕಾಡಿನ ಸೋಲು ಕೊನೆಯ ಮಾತಾಗಬಹುದಿತ್ತು, ಅದೂ ಆಗಲಿಲ್ಲ. ಸ್ವಲ್ಪ ನಡೆದಾಡಿ ಬರುತ್ತೇನೆ ಎಂದು ಹೇಳಿ ಹೊರಟ ಆ ಅಜ್ಜಿ ಕೊನೆಯ ಮಾತನ್ನು ತನ್ನ ಹೆಜ್ಜೆಗಳಿಂದಲೇ ಬರೆದಳು.

ಅಭ್ಯಾಸ

1. ಅಪಲಾಚಿಯನ್ ಹಾದಿಯ ಕಾಠಿಣ್ಯವಿರುವುದು ಎತ್ತರದಲ್ಲಿ ಅಲ್ಲ, ಉದ್ದದಲ್ಲಿ ಎಂಬ ಮಾತನ್ನು ವಿವರಿಸಿರಿ.
2. 1954ರಲ್ಲಿ ಎಮ್ಮಾ ಗೇಟ್‌ವುಡ್ ಹಿಂದಿರುಗಲು ಕಾರಣಗಳೇನು? ಮರುವರ್ಷ ಆಕೆ ದಕ್ಷಿಣದ ತುದಿಯಿಂದ ಹೊರಟುದರಿಂದ ಆದ ಅನುಕೂಲಗಳಾವುವು?
3. ಉಕ್ಕಿದ ಹೊಳೆಯನ್ನು ದಾಟಿದ ಪ್ರಸಂಗವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ. ಸ್ವಾವಲಂಬನೆ ಮತ್ತು ವಿನಯಗಳನ್ನು ಕುರಿತು ಅದು ಏನನ್ನು ಸೂಚಿಸುತ್ತದೆ?
4. 'ಶಿಖರವು ಆ ಬೆಳವಣಿಗೆಗೆ ಸಾಕ್ಷಿ ಮಾತ್ರ.' ಈ ವಾಕ್ಯದ ಅಭಿಪ್ರಾಯವನ್ನು ಪಾಠದ ಆಧಾರದಿಂದ ಸ್ಪಷ್ಟಪಡಿಸಿರಿ.
5. ನಿಮ್ಮ ಊರಿನಲ್ಲಿ ಹಿರಿಯ ವಯಸ್ಸಿನಲ್ಲಿ ಹೊಸ ಕೆಲಸವನ್ನು ಕೈಗೊಂಡು ಪೂರೈಸಿದವರಿದ್ದರೆ, ಅವರಿಂದ ಕೇಳಿ ತಿಳಿದು ಒಂದು ಪ್ರಬಂಧ ಬರೆಯಿರಿ.